ಫೀಸಿಲ್ಲದ ಕಡತಕ್ಕೂ ಅದೇ ತಯಾರಿ

ಕೊಲ್ಲೂರು, ಜಡ್ಕಲ್, ಮುದೂರು, ಹಳ್ಳಿಹೊಳೆ, ವಂಡ್ಸೆ, ಬೈಂದೂರು ಕಡೆಯಿಂದ ಕಾನೂನು ಓದಿ ಕಪ್ಪು ಕೋಟು ತೊಡಲು ಹೊರಟಿರುವ ಮಕ್ಕಳೇ,

ನಿಮ್ಮಲ್ಲಿ ಹಲವರು ಮನೆಗೆ ಬಂದು ಕೇಳುವ ಪ್ರಶ್ನೆಗಳು ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತವೆ. ಬೆಂಗಳೂರಿನ ಕಂಪನಿ ಕೆಲಸ ಒಳ್ಳೆಯದೋ ಕುಂದಾಪುರದ ಕೋರ್ಟು ಒಳ್ಳೆಯದೋ? ಕೋರ್ಟಿಗೇ ಬಂದರೆ ಹೊಟ್ಟೆ ತುಂಬೀತೇ? ಬಡವರ ಕೇಸನ್ನು ಉಚಿತವಾಗಿ ನಡೆಸಬೇಕು ಅನ್ನುತ್ತಾರಲ್ಲ, ನಮ್ಮ ಕಾಲ ಮೇಲೆ ನಾವೇ ನಿಲ್ಲುವ ಮೊದಲು ಅದು ಸಾಧ್ಯವೇ?

ನಾನು ಹುಟ್ಟಿದ್ದು ಕೊಲ್ಲೂರಿನ ಪಕ್ಕದ ಹಳ್ಳಿಯಲ್ಲಿ, ಕಾನೂನು ಓದಿದ್ದು ಉಡುಪಿಯಲ್ಲಿ, ಬದುಕು ಕಳೆದದ್ದು ಕುಂದಾಪುರದ ಕೋರ್ಟಿನಲ್ಲಿ. ಸಿವಿಲ್ ದಾವೆಯನ್ನೂ ನಡೆಸಿದ್ದೇನೆ, ಕ್ರಿಮಿನಲ್ ಕೇಸನ್ನೂ ನಡೆಸಿದ್ದೇನೆ. ಅಷ್ಟರಿಂದ ನನಗೆ ಗಟ್ಟಿಯಾಗಿ ಗೊತ್ತಾಗಿರುವುದು ಒಂದೇ ಮಾತು. ಬಡವರ ಕೇಸು ಹಿಡಿದರೆ, ಹಣ ಕೊಟ್ಟವರ ಕೇಸಿಗೆ ಎಷ್ಟು ತಯಾರಿ ಮಾಡುತ್ತೀರೋ ಅಷ್ಟೇ ತಯಾರಿಯನ್ನು ಅದಕ್ಕೂ ಮಾಡಿ. ಅಷ್ಟು ಮಾಡಲು ಆಗದಿದ್ದರೆ ಹಿಡಿಯಬೇಡಿ. ಫೀಸು ಬಿಟ್ಟುಕೊಡುವುದು ಒಂದು ಕ್ಷಣದ ಕೆಲಸ. ಕಡತ ಓದುವುದು, ಸ್ಥಳ ನೋಡುವುದು, ಸಾಕ್ಷಿಯನ್ನು ಸಿದ್ಧಗೊಳಿಸುವುದು, ಡಿಕ್ರಿ ಬಂದ ಮೇಲೂ ಬೆನ್ನು ಹತ್ತುವುದು ವರ್ಷಗಳ ಕೆಲಸ. ಸೇವೆ ಇರುವುದು ಆ ವರ್ಷಗಳಲ್ಲಿ.

ಕಾಗದದ ಮೇಲೆ ನಿಂತ ಊರು

ನಮ್ಮ ಸೀಮೆಯಲ್ಲಿ ಕೋರ್ಟು ವಕೀಲರ ಅಗತ್ಯ ಯಾಕಿದೆ ಎಂದು ತಿಳಿಯಬೇಕಾದರೆ ಭೂಮಿಯ ಚರಿತ್ರೆ ತಿಳಿಯಬೇಕು. 1956ರವರೆಗೆ ನಾವು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯವರು, ನಮ್ಮ ಮೇಲ್ಮನವಿಗಳು ಮದರಾಸು ಹೈಕೋರ್ಟಿಗೆ ಹೋಗುತ್ತಿದ್ದವು. ವರ್ಗ, ಕುಮ್ಕಿ, ಮೂಲಗೇಣಿ, ಚಾಲಗೇಣಿ ಎಲ್ಲ ಆ ಕಾಲದಿಂದ ಬಂದ ಮಾತುಗಳು. ಇಂದಿಗೂ ಅವು ದಾವೆಯ ಅರ್ಜಿಯಲ್ಲಿ ಜೀವಂತವಾಗಿವೆ. ಮೂಲಗೇಣಿದಾರನಿಗೆ ಶಾಶ್ವತ ಹಕ್ಕು ಇತ್ತು. ಚಾಲಗೇಣಿದಾರನನ್ನು ಒಡೆಯ ಬೇಕೆಂದಾಗ ಏಳಿಸಬಹುದಿತ್ತು.

ದೇವರಾಜ ಅರಸರ ಸರಕಾರ ತಂದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿ ಭೂಮಿ ಸರಕಾರದ ವಶಕ್ಕೆ ಬಂದು, ಉಳುವವನು ನಮೂನೆ 7ರಲ್ಲಿ ಅರ್ಜಿ ಹಾಕಿ ಅಧಿಭೋಗದ ಹಕ್ಕು ಪಡೆಯಬೇಕಾಯಿತು. ನಮ್ಮ ಜನ ಅದನ್ನು ‘ಡಿಕ್ಲರೇಷನ್ ಕೊಡುವುದು’ ಅನ್ನುತ್ತಿದ್ದರು. ಕೊನೆಯ ದಿನ 1979ರ ಜೂನ್ 30. ತಾಲೂಕಿನ ಭೂ ನ್ಯಾಯಮಂಡಳಿ ಆ ಅರ್ಜಿಗಳನ್ನು ವಿಚಾರಿಸುತ್ತಿತ್ತು. ಮಂಡಳಿಯ ಮುಂದೆ ವಕೀಲರು ಹಾಜರಾಗಬಾರದು ಎಂದು ಕಾಯ್ದೆಯ 48ನೇ ಕಲಮಿನ 8ನೇ ಉಪಕಲಮು ಹೇಳಿತ್ತು. ಉದ್ದೇಶ ಒಳ್ಳೆಯದೇ: ದುಡ್ಡಿದ್ದ ಒಡೆಯ ದೊಡ್ಡ ವಕೀಲರನ್ನು ತಂದು ಒಕ್ಕಲನ್ನು ಹೆದರಿಸಬಾರದು. ಆದರೆ ಒಡೆಯನ ಮನೆಯಲ್ಲಿ ಓದು ಬರಹ ಬಲ್ಲವರಿದ್ದರು, ಹಳೆಯ ದಸ್ತಾವೇಜಿನ ಪೆಟ್ಟಿಗೆ ಇತ್ತು. ಒಕ್ಕಲಿನ ಮನೆಯಲ್ಲಿ ಗೇಣಿ ರಶೀದಿಯೂ ಇರುತ್ತಿರಲಿಲ್ಲ, ಬಾಯಿಮಾತಿನ ಗೇಣಿ. 1987ರಲ್ಲಿ ಸುಪ್ರೀಂ ಕೋರ್ಟು ಎಚ್.ಎಸ್. ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ ಆ ನಿಷೇಧ ವಕೀಲರ ಅಧಿನಿಯಮಕ್ಕೆ ವಿರುದ್ಧ, ಊರ್ಜಿತವಲ್ಲ ಎಂದು ಹೇಳಿತು. ಅಷ್ಟರಲ್ಲಿ ಕಾಲ ಸಾಕಷ್ಟು ಸರಿದಿತ್ತು. ಕೊನೆಯ ದಿನ ತಪ್ಪಿಸಿಕೊಂಡವರಿಗೆ ಮುಂದೆ 7ಎ ನಮೂನೆಯ ಮೂಲಕ ಇನ್ನೊಂದು ಅವಕಾಶ ಬಂದರೂ ಅದು ಎಲ್ಲರ ಕೈಗೆ ಎಟುಕಲಿಲ್ಲ.

ನಾನು ವಕೀಲಿಕೆಗೆ ಇಳಿದದ್ದು ಆ ಡಿಕ್ಲರೇಷನ್‌ಗಳ ಕಾಲದಲ್ಲಿ. ಹಕ್ಕು ಕೊಡುವ ಕಾನೂನು ಬಂದ ಮಾತ್ರಕ್ಕೆ ಹಕ್ಕು ಮನೆಗೆ ಬರುವುದಿಲ್ಲ, ಅದನ್ನು ಅರ್ಜಿಯಾಗಿ, ಸಾಕ್ಷ್ಯವಾಗಿ ಬದಲಿಸಿ ಅಂತಿಮ ದಿನದೊಳಗೆ ಮೇಜಿನ ಮೇಲೆ ಇಡುವವರು ಬೇಕು ಎಂಬುದನ್ನು ನಾನು ಕಲಿತದ್ದು ಅಲ್ಲಿ. ಇಂದು ನಮೂನೆಯ ಸಂಖ್ಯೆ ಬೇರೆ: 50, 53, 57, ಜೊತೆಗೆ 94ಸಿ ಕಲಮಿನ ಅರ್ಜಿ. ಅವಶ್ಯಕತೆ ಅದೇ.

ಇವತ್ತಿನ ಉದಾಹರಣೆಯೇ ಬೇಕೇ? ಕೊಲ್ಲೂರಿನ ಸುತ್ತ ಮೂಕಾಂಬಿಕಾ ವನ್ಯಜೀವಿ ಧಾಮವಿದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿ 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಅಷ್ಟು ಹಳೆಯ ಕಾಗದ ಕುಡುಬಿ ಸಮುದಾಯದ ಯಾವ ಮನೆಯಲ್ಲಿ ಇದ್ದೀತು? ಅರ್ಜಿದಾರರು ಅಲ್ಲಿಗೇ ಕೈಚೆಲ್ಲುತ್ತಾರೆ. ಆದರೆ ಕಾಯ್ದೆಯ ನಿಯಮ 13 ಬಿಡಿಸಿ ಓದಿದ ವಕೀಲನಿಗೆ ಗೊತ್ತು: ಮನೆ, ಸಮತಟ್ಟು ಮಾಡಿದ ನೆಲ, ಒಡ್ಡು, ಬಾವಿ, ಶ್ಮಶಾನ, ಪೂಜಾಸ್ಥಳ ಕೂಡ ಸಾಕ್ಷ್ಯವೇ, ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯವೇ. ಗ್ರಾಮಸಭೆಯ ನಿರ್ಣಯ ವಿರುದ್ಧವಾದರೆ 60 ದಿನಗಳೊಳಗೆ ಉಪವಿಭಾಗ ಸಮಿತಿಗೆ ಅರ್ಜಿ ಹಾಕಬಹುದು. ಕಟ್ಟಹುಣಿ, ನಾಗಬನ, ದೈವದ ಕಲ್ಲುಗಳನ್ನು ನಡೆದು ನೋಡಿ ನಕ್ಷೆ ಮಾಡಿಕೊಡಲು ದೊಡ್ಡ ಗ್ರಂಥಾಲಯ ಬೇಡ. ಒಂದು ಭಾನುವಾರ, ಒಂದು ಜೊತೆ ಗಟ್ಟಿ ಚಪ್ಪಲಿ ಸಾಕು.

ಮೊದಲು ಕಸುಬು

ಕಾನೂನು ನೆರವಿನ 2010ರ ರಾಷ್ಟ್ರೀಯ ನಿಯಮಾವಳಿಯ ಪ್ರಕಾರ ಮೂರು ವರ್ಷಕ್ಕಿಂತ ಕಡಿಮೆ ಅನುಭವದ ವಕೀಲರನ್ನು ಪ್ಯಾನೆಲ್‌ಗೆ ಸೇರಿಸಿಕೊಳ್ಳುವಂತಿಲ್ಲ. ಕೆಲವು ಮಕ್ಕಳಿಗೆ ಇದು ಅಡ್ಡಗೋಡೆಯಂತೆ ಕಾಣುತ್ತದೆ. ನನಗೆ ಅದರಲ್ಲಿ ಬಡವರ ಬಗೆಗಿನ ಗೌರವ ಕಾಣುತ್ತದೆ. ಕಲಿಯುವವನ ಕೈಗೆ ಬಡವನ ಬದುಕನ್ನು ಕೊಡಬಾರದು ಎಂಬುದು ಅದರ ಅರ್ಥ.

ಆ ಮೂರು ವರ್ಷಗಳಲ್ಲಿ ಏನು ಕಲಿಯಬೇಕು? ಪಹಣಿ ಓದುವುದನ್ನು ಕಲಿಯಿರಿ. ಕಾಲಂ 9ರಲ್ಲಿ ಯಾರ ಹೆಸರು, 12ರಲ್ಲಿ ಯಾರ ಹೆಸರು, ಯಾವ ವರ್ಷ ಬದಲಾಯಿತು, ಯಾವ ಮ್ಯುಟೇಶನ್ ಆದೇಶದಿಂದ ಬದಲಾಯಿತು ಎಂದು ಒಂದೊಂದೇ ವರ್ಷ ಹಿಂದೆ ಹೋಗಿ ನೋಡಿ. ಭೂಕಂದಾಯ ಕಾಯ್ದೆಯ 133ನೇ ಕಲಮಿನಂತೆ ಆ ನಮೂದು ಸುಳ್ಳೆಂದು ರುಜುವಾಗುವವರೆಗೆ ನಿಜವೆಂದೇ ಲೆಕ್ಕ. ಸರ್ವೆ ನಕ್ಷೆ ಹಿಡಿದು ಗದ್ದೆಗೆ ಹೋಗಿ. ಅಳಿಯಕಟ್ಟಿನ ಕುಟುಂಬದ ಪಾಲಿನ ದಾವೆ ಬಂದರೆ 1949ರ ಮದರಾಸು ಅಳಿಯಸಂತಾನ ಕಾಯ್ದೆಯನ್ನೂ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯನ್ನೂ ಜೊತೆಗಿಟ್ಟು ಓದಿ. ಇಲ್ಲದಿದ್ದರೆ ಮನೆಯ ಹೆಣ್ಣುಮಕ್ಕಳ ಪಾಲು ನಿಮ್ಮ ಅಜ್ಞಾನದಲ್ಲಿ ಕರಗಿಹೋಗುತ್ತದೆ. 2024ರ ಜುಲೈ 1ರಿಂದ ಕ್ರಿಮಿನಲ್ ಕಾನೂನಿನ ಮೂರೂ ಪುಸ್ತಕಗಳು ಬದಲಾಗಿವೆ. ಹಳೆಯ ಕಲಮು, ಹೊಸ ಕಲಮು ಎರಡೂ ನಾಲಿಗೆಯ ಮೇಲಿರಲಿ, ಯಾಕೆಂದರೆ ಎರಡೂ ಬಗೆಯ ಕೇಸುಗಳು ಇನ್ನೂ ಬಹಳ ವರ್ಷ ಒಟ್ಟಿಗೇ ನಡೆಯುತ್ತವೆ.

ಎಲ್ಲಕ್ಕಿಂತ ಮೇಲಾಗಿ ಸಾಕ್ಷಿ ವಿಚಾರಣೆ ಕಲಿಯಿರಿ. ಹಿರಿಯರು ಪಾಟಿ ಸವಾಲು ಮಾಡುವಾಗ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿ. ಅವರು ಕೇಳಿದ ಪ್ರಶ್ನೆಗಿಂತ ಕೇಳದೆ ಬಿಟ್ಟ ಪ್ರಶ್ನೆಯನ್ನು ಗಮನಿಸಿ, ಸಂಜೆ ಯಾಕೆ ಬಿಟ್ಟಿರಿ ಎಂದು ವಿಚಾರಿಸಿ. ಕಕ್ಷಿದಾರರ ಮಾತು ಕೇಳುವಾಗ ತಡೆಯಬೇಡಿ. “ಒಡ್ಯಾ, ಕಾಗ್ದ ಬಂದಿತ್, ಎಂತ ಅಂದ್ ಗೊತ್ತಾತಿಲ್ಲೆ” ಎಂದು ಶುರುಮಾಡಿದವರು ಅಜ್ಜನ ಕಾಲ, ಮದುವೆ, ಮಳೆ ಎಲ್ಲವನ್ನೂ ಸುತ್ತಿ ಬರುತ್ತಾರೆ. ನಿಮ್ಮ ದಾವೆಗೆ ಬೇಕಾದ ತಾರೀಕು ಅನೇಕ ಸಲ ಆ ಮಳೆಯ ಮಾತಿನಲ್ಲೇ ಇರುತ್ತದೆ.

ತಯಾರಿ ಇಲ್ಲದ ಉಚಿತ ವಕೀಲಿಕೆ ಏನು ಮಾಡುತ್ತದೆ ಎಂಬುದಕ್ಕೆ ಮಧ್ಯಪ್ರದೇಶದ ಖಂಡ್ವಾದ ಅನೋಖಿಲಾಲ್ ಪ್ರಕರಣವನ್ನು ಪ್ರತಿಯೊಬ್ಬ ಯುವ ವಕೀಲನೂ ಓದಬೇಕು. 2013ರಲ್ಲಿ ಮರಣದಂಡನೆಯಾಗಬಲ್ಲ ಆರೋಪ ಹೊತ್ತ ಯುವಕನಿಗೆ ಕಾನೂನು ನೆರವಿನ ವಕೀಲರನ್ನು ನೇಮಿಸಿದ ದಿನವೇ ದೋಷಾರೋಪ ಹೊರಿಸಲಾಯಿತು. ಎರಡು ವಾರದೊಳಗೆ ವಿಚಾರಣೆ ಮುಗಿದು ಮರಣದಂಡನೆಯಾಯಿತು. ಕಾಗದದ ಮೇಲೆ ಅವನಿಗೆ ವಕೀಲರಿದ್ದರು. 2019ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಮಾಡಿ ಮರುವಿಚಾರಣೆಗೆ ಕಳಿಸಿತು. ಜೀವಾವಧಿ ಅಥವಾ ಮರಣದಂಡನೆಯ ಸಾಧ್ಯತೆ ಇರುವ ಕೇಸಿನಲ್ಲಿ ಕನಿಷ್ಠ 10 ವರ್ಷ ಅನುಭವದ ವಕೀಲರೇ ಇರಬೇಕು, ತಯಾರಿಗೆ ಸಾಮಾನ್ಯವಾಗಿ ಕನಿಷ್ಠ 7 ದಿನ ಕೊಡಬೇಕು ಎಂದಿತು. ಕೊನೆಗೆ 2024ರಲ್ಲಿ ಖಂಡ್ವಾದ ನ್ಯಾಯಾಲಯವೇ ಅವನನ್ನು ನಿರ್ದೋಷಿ ಎಂದು ಬಿಡುಗಡೆ ಮಾಡಿತು. ಸೆರೆಯಲ್ಲಿ 11 ವರ್ಷ ಕಳೆದಿತ್ತು.

ಇದರ ಎದುರಿಗೆ ಅಮೆರಿಕದ ಗಿಡಿಯನ್ ಪ್ರಕರಣ ಇಟ್ಟು ನೋಡಿ. 1961ರಲ್ಲಿ ಫ್ಲಾರಿಡಾದ ಪನಾಮ ಸಿಟಿಯಲ್ಲಿ ಕಳ್ಳತನದ ಆರೋಪ ಹೊತ್ತ ಬಡವ ವಕೀಲನಿಲ್ಲದೆ ತಾನೇ ವಾದಿಸಿ ಸೋತು ಐದು ವರ್ಷದ ಶಿಕ್ಷೆ ಪಡೆದ. ಜೈಲಿನಿಂದ ಪೆನ್ಸಿಲಿನಲ್ಲಿ ಅರ್ಜಿ ಬರೆದ. 1963ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಗಂಭೀರ ಆರೋಪದ ಬಡ ಆರೋಪಿಗೆ ರಾಜ್ಯವೇ ವಕೀಲನನ್ನು ಕೊಡಬೇಕು ಎಂದಿತು. ಆ ತೀರ್ಪು ಲೋಕಪ್ರಸಿದ್ಧ. ಅದರ ನಂತರದ ಕತೆಯನ್ನು ಹೆಚ್ಚು ಜನ ಹೇಳುವುದಿಲ್ಲ. ಮರುವಿಚಾರಣೆಗೆ ದೊಡ್ಡ ನಗರದಿಂದ ಬಂದ ವಕೀಲರನ್ನು ಗಿಡಿಯನ್ ಬೇಡವೆಂದ. ಆ ಊರಿನವನೇ ಆದ ಫ್ರೆಡ್ ಟರ್ನರ್ ಬೇಕೆಂದ. ಟರ್ನರ್ ಸಾಕ್ಷಿಗಳ ಪೂರ್ವಾಪರ ವಿಚಾರಿಸಿಕೊಂಡು ಬಂದು ಮುಖ್ಯ ಸಾಕ್ಷಿಯನ್ನು ಪಾಟಿ ಸವಾಲಿನಲ್ಲಿ ಅಲುಗಾಡಿಸಿದ. ಜ್ಯೂರಿ ನಿರ್ದೋಷಿ ಎಂದಿತು. ಸುಪ್ರೀಂ ಕೋರ್ಟಿನಲ್ಲಿ ತತ್ವವನ್ನು ಗೆದ್ದುಕೊಟ್ಟದ್ದು ರಾಜಧಾನಿಯ ವಕೀಲ, ಮನುಷ್ಯನನ್ನು ಬಿಡಿಸಿಕೊಂಡು ಬಂದದ್ದು ಊರಿನ ವಕೀಲ. ಕುಂದಾಪುರದ ಕೋರ್ಟು ಚಿಕ್ಕದು ಎಂದು ಅನಿಸಿದಾಗಲೆಲ್ಲ ಇದನ್ನು ನೆನಪು ಮಾಡಿಕೊಳ್ಳಿ.

ದಾನವೆಂದು ತಿಳಿಯಬೇಡಿ

ಉಚಿತವಾಗಿ ಕೇಸು ನಡೆಸುವಾಗ ನಾನು ಉಪಕಾರ ಮಾಡುತ್ತಿದ್ದೇನೆ ಎಂಬ ಭಾವ ಮೆಲ್ಲನೆ ಒಳಗೆ ಬರುತ್ತದೆ. ಅದನ್ನು ಹೊಸಿಲಲ್ಲೇ ನಿಲ್ಲಿಸಿ. 1976ರ 42ನೇ ತಿದ್ದುಪಡಿ ಸಂವಿಧಾನಕ್ಕೆ 39ಎ ವಿಧಿಯನ್ನು ಸೇರಿಸಿ, ಬಡತನದಿಂದ ಯಾರಿಗೂ ನ್ಯಾಯ ತಪ್ಪಬಾರದು ಎಂದು ಸರಕಾರಕ್ಕೆ ಹೊಣೆ ಹೊರಿಸಿತು. 1979ರ ಹುಸೇನಾರಾ ಖಾತೂನ್ ಪ್ರಕರಣದಲ್ಲಿ, ಬಿಹಾರದ ಜೈಲುಗಳಲ್ಲಿ ಕೊಳೆಯುತ್ತಿದ್ದ ವಿಚಾರಣಾಧೀನ ಕೈದಿಗಳ ಬಗ್ಗೆ ಪತ್ರಿಕಾ ವರದಿ ಓದಿದ ವಕೀಲೆ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿಗೆ ಹೋದರು. ಮಾಡಿರಬಹುದಾದ ಅಪರಾಧದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ಒಳಗಿದ್ದವರು ಅವರಲ್ಲಿದ್ದರು. ಸಾವಿರಾರು ಜನ ಹೊರಬಂದರು. ಉಚಿತ ಕಾನೂನು ನೆರವು 21ನೇ ವಿಧಿಯ ಬದುಕಿನ ಹಕ್ಕಿನಲ್ಲೇ ಅಡಗಿದೆ ಎಂದು ಕೋರ್ಟು ಹೇಳಿತು. 1986ರ ಸುಕ್ ದಾಸ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ಆರೋಪಿ ಕೇಳದಿದ್ದರೂ ನ್ಯಾಯಾಧೀಶರೇ ಅವನಿಗೆ ಈ ಹಕ್ಕನ್ನು ತಿಳಿಸಬೇಕು ಎಂದಿತು.

ನಮ್ಮ ವೃತ್ತಿಯ ನಿಯಮವೂ ಅದನ್ನೇ ಹೇಳುತ್ತದೆ. ಬಾರ್ ಕೌನ್ಸಿಲ್ ನಿಯಮ 46ರ ಪ್ರಕಾರ, ತನ್ನ ಆರ್ಥಿಕ ಸ್ಥಿತಿಯ ಮಿತಿಯೊಳಗೆ ಬಡವರಿಗೆ, ತುಳಿತಕ್ಕೊಳಗಾದವರಿಗೆ ಉಚಿತವಾಗಿ ನೆರವಾಗುವುದು ವಕೀಲನು ಸಮಾಜಕ್ಕೆ ಸಲ್ಲಿಸಬೇಕಾದ ಅತ್ಯುನ್ನತ ಕರ್ತವ್ಯಗಳಲ್ಲಿ ಒಂದು. ಹಾಗಾಗಿ ಆ ಕಕ್ಷಿದಾರ ನಿಮ್ಮ ಎದುರು ಕೈಮುಗಿದು ನಿಲ್ಲಬೇಕಾದ್ದಿಲ್ಲ. ಕುರ್ಚಿ ಕೊಡಿ, ಹೆಸರು ಹಿಡಿದು ಬಹುವಚನದಲ್ಲಿ ಮಾತಾಡಿಸಿ, ಕೇಸಿನ ಸ್ಥಿತಿ ತಿಳಿಸಿ, ಕಾಗದದ ಪ್ರತಿ ಕೊಡಿ.

ಮಾರಣಕಟ್ಟೆ ಮೇಳದ ಹರಕೆ ಆಟಕ್ಕೆ ಟಿಕೆಟ್ ಇಲ್ಲ. ಹಾಗೆಂದು ಭಾಗವತರು ಶ್ರುತಿ ಇಳಿಸಿ ಹಾಡುವುದಿಲ್ಲ, ವೇಷಧಾರಿ ಅರ್ಧ ಬಣ್ಣ ಹಚ್ಚಿ ರಂಗಕ್ಕೆ ಬರುವುದಿಲ್ಲ. ವಕೀಲಿಕೆಯಲ್ಲೂ ಆ ನಿಷ್ಠೆ ಇರಲಿ.

ದಾರಿ ತೋರಿದವರು ನಮ್ಮ ಕರಾವಳಿಯಲ್ಲೇ ಇದ್ದಾರೆ. 1859ರಲ್ಲಿ ಕಾಸರಗೋಡು ಸೀಮೆಯಲ್ಲಿ ಹುಟ್ಟಿದ ಕುದ್ಮುಲ್ ರಂಗರಾಯರು ಶಿಕ್ಷಕರಾಗಿದ್ದು, ಪ್ಲೀಡರ್ ಪರೀಕ್ಷೆ ಮುಗಿಸಿ ಮಂಗಳೂರಿನಲ್ಲಿ ವಕೀಲರಾದರು. ಬಡವರ ಪರ ನಿಲ್ಲುವ ವಕೀಲರೆಂದೇ ಹೆಸರಾದರು. ಕೋರ್ಟಿನೊಳಗೆ ಒಬ್ಬರ ಪರವಾಗಿ ಗೆದ್ದರೆ ಹೊರಗಿನ ಅನ್ಯಾಯ ಹಾಗೇ ಉಳಿಯುತ್ತದೆ ಎಂಬುದನ್ನು ಕಂಡು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ದಲಿತ ಮಕ್ಕಳಿಗೆ ಶಾಲೆ, ವಸತಿ, ಕೈಕೆಲಸದ ತರಬೇತಿಗೆ ದಾರಿ ಮಾಡಿದರು. ಅದಕ್ಕಾಗಿ ಸ್ವಂತ ಜಾತಿಯವರಿಂದಲೇ ಬಹಿಷ್ಕಾರ ಉಂಡರು. 1928ರಲ್ಲಿ ತೀರಿಕೊಂಡರು. ಬಡವರ ಕೇಸು ನಡೆಸುವವನಿಗೆ ಆ ಬಡತನದ ಬೇರು ಎಲ್ಲಿದೆ ಎಂಬ ಪ್ರಶ್ನೆ ಕಾಡಲೇಬೇಕು ಎಂಬುದಕ್ಕೆ ಅವರ ಬದುಕು ಸಾಕ್ಷಿ. ನಮ್ಮ ಕಾಲಕ್ಕೂ ಆ ಪ್ರಶ್ನೆ ಇದೆ. ಕೊರಗ ಸಮುದಾಯದ ಮೇಲೆ ಹೇರಿದ್ದ ಅಜಲು ಎಂಬ ಅಮಾನುಷ ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ರಾಜ್ಯ ಪ್ರತ್ಯೇಕ ಅಧಿನಿಯಮವನ್ನೇ ತರಬೇಕಾಯಿತು. ಕಾಯ್ದೆ ಇದೆ ಎಂದು ಸುಮ್ಮನಿರದೆ, ಕೊರಗರ ಕಾಲೊನಿಗೆ ಹೋಗಿ ಕುಳಿತು ಮಾತಾಡಿ ಬನ್ನಿ.

ಹೊಟ್ಟೆಪಾಡಿನ ಮಾತು

ಕಾರ್ನಾಡು ಸದಾಶಿವರಾಯರು ವಕೀಲರಾಗಿ ಚೆನ್ನಾಗಿ ಬಾಳಬಹುದಿತ್ತು. ಸ್ವಾತಂತ್ರ್ಯ ಹೋರಾಟಕ್ಕೆ ಆಸ್ತಿಯನ್ನೆಲ್ಲ ಕೊಟ್ಟು 1937ರಲ್ಲಿ ಬರಿಗೈಯಲ್ಲಿ ತೀರಿಕೊಂಡರು. ಅಂಥವರನ್ನು ಮನಸಾರೆ ನಮಿಸಿ. ನಿಮ್ಮಿಂದ ಯಾರೂ ಅದನ್ನು ಕೇಳುತ್ತಿಲ್ಲ. ನಿಮ್ಮಲ್ಲಿ ಅನೇಕರು ಬೀಡಿ ಕಟ್ಟಿದ, ಗೋಡಂಬಿ ಕಾರ್ಖಾನೆಗೆ ಹೋದ, ಮೀನು ಮಾರಿದ ತಾಯಂದಿರ ಮಕ್ಕಳು. ಮೊದಲು ಮನೆ ನಡೆಯಲಿ. ನಿಯಮ 46 ಕೂಡ ‘ಆರ್ಥಿಕ ಸ್ಥಿತಿಯ ಮಿತಿಯೊಳಗೆ’ ಎಂದೇ ಹೇಳಿದೆ.

ಕೆಲವು ಬಾಗಿಲುಗಳು ಈಗ ನಮ್ಮ ಕಾಲಕ್ಕಿಂತ ಅಗಲವಾಗಿವೆ. 2024ರ ಜುಲೈ 30ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸನ್ನದಿನ ನೋಂದಣಿ ಶುಲ್ಕ ಸಾಮಾನ್ಯರಿಗೆ 750 ರೂ., ಪರಿಶಿಷ್ಟ ಜಾತಿ, ಪಂಗಡದವರಿಗೆ 125 ರೂ. ಮೀರಬಾರದು ಎಂದು ಹೇಳಿದೆ. ಪರಿಶಿಷ್ಟ ಪದವೀಧರರಿಗೆ ಸಮಾಜ ಕಲ್ಯಾಣ ಇಲಾಖೆಯ ಶಿಷ್ಯವೇತನವಿದೆ. ಅದೇ ವರ್ಷ ಬಾರ್ ಕೌನ್ಸಿಲ್, ಜೂನಿಯರುಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮಾಂತರದಲ್ಲಿ 15,000 ರೂ. ಕೊಡಿ ಎಂದು ಹಿರಿಯರಿಗೆ ಸಲಹೆ ಮಾಡಿದೆ. ಅದು ಸಲಹೆ ಮಾತ್ರ, ಆದರೂ ಕೇಳಲು ನಾಚಬೇಡಿ. ಬಡವರ ಪರ ಪೂರ್ಣಾವಧಿ ಕೆಲಸ ಮಾಡಬೇಕೆಂಬ ಆಸೆ ಇರುವವರಿಗೆ ಜಿಲ್ಲಾ ಮಟ್ಟದಲ್ಲಿ ಕಾನೂನು ನೆರವು ಅಭಿರಕ್ಷಕರ ವ್ಯವಸ್ಥೆ ಬಂದಿದೆ: ಖಾಸಗಿ ಕೇಸು ಹಿಡಿಯುವಂತಿಲ್ಲ, ಗೌರವಧನ ಇದೆ, ಕೆಲಸವೆಲ್ಲ ಬಡ ಆರೋಪಿಗಳ ರಕ್ಷಣೆಯದು.

ಫೀಸು ತೆಗೆದುಕೊಳ್ಳುವಲ್ಲಿ ನೇರವಾಗಿರಿ. ಮೊದಲ ದಿನವೇ ಎಷ್ಟೆಂದು ಹೇಳಿ, ರಶೀದಿ ಕೊಡಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅಪಘಾತವಾಗಿ ದುಡಿಯುವ ಮಗನನ್ನು ಕಳೆದುಕೊಂಡವರು ನಿಮ್ಮ ಕಚೇರಿಗೆ ಬರುತ್ತಾರೆ. ಪರಿಹಾರದಲ್ಲಿ ನೂರಕ್ಕೆ ಇಷ್ಟು ನನಗೆ ಎಂಬ ಒಪ್ಪಂದ ಮಾಡಬೇಡಿ. ಬಾರ್ ಕೌನ್ಸಿಲ್ ನಿಯಮ 20 ಅದನ್ನು ನಿಷೇಧಿಸುತ್ತದೆ. ನಿಯಮ ಇಲ್ಲದಿದ್ದರೂ, ಸತ್ತ ಮಗನ ಬೆಲೆಯಲ್ಲಿ ಪಾಲು ಕೇಳುವುದು ಮನುಷ್ಯರು ಮಾಡುವ ಕೆಲಸವಲ್ಲ. ಕಾನೂನು ನೆರವಿನಲ್ಲಿ ಬಂದ ಕೇಸಿನಲ್ಲಿ ಕಕ್ಷಿದಾರರಿಂದ ಒಂದು ರೂಪಾಯಿ ಕೂಡ ಮುಟ್ಟಬೇಡಿ, ‘ಖರ್ಚಿಗೆ’ ಎಂಬ ಹೆಸರಿನಲ್ಲೂ ಬೇಡ. ಹಾಗೆಯೇ ಅವರ ಜೊತೆ ಫೋಟೋ ತೆಗೆಸಿಕೊಂಡು ಮೊಬೈಲಿನಲ್ಲಿ ಹಂಚಬೇಡಿ. ನಿಯಮ 36ರ ಪ್ರಕಾರ ವಕೀಲ ಜಾಹೀರಾತು ಮಾಡುವಂತಿಲ್ಲ, ಮತ್ತು ಇನ್ನೊಬ್ಬರ ಸಂಕಟ ನಿಮ್ಮ ಕೀರ್ತಿಯ ಸರಕಾಗಬಾರದು.

ಕೈಯಳತೆಯಲ್ಲಿರುವ ನೆರವು

1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮ 1995ರ ನವೆಂಬರ್ 9ರಂದು ಜಾರಿಗೆ ಬಂತು. ಅದರ 12ನೇ ಕಲಮನ್ನು ಬಾಯಿಪಾಠ ಮಾಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ವಿಪತ್ತಿಗೆ ಸಿಕ್ಕವರು, ಬಂಧನದಲ್ಲಿರುವವರು ಆದಾಯದ ಲೆಕ್ಕವಿಲ್ಲದೆ ನೆರವಿಗೆ ಅರ್ಹರು. ಉಳಿದವರಿಗೆ ನಮ್ಮ ರಾಜ್ಯದಲ್ಲಿ ವಾರ್ಷಿಕ ಆದಾಯದ ಮಿತಿ 3 ಲಕ್ಷ ರೂ. ವಕೀಲರ ಫೀಸು ಮಾತ್ರವಲ್ಲ, ಕೋರ್ಟು ಶುಲ್ಕ, ಪ್ರೊಸೆಸ್ ಶುಲ್ಕ, ದೃಢೀಕೃತ ಪ್ರತಿಯ ಖರ್ಚು ಕೂಡ ಇದರಲ್ಲಿ ಸೇರುತ್ತದೆ. ಬಿಳಿ ಹಾಳೆಯಲ್ಲಿ ಬರೆದ ಅರ್ಜಿ ಸಾಕು, ಬರೆಯಲಾಗದವರ ಮಾತನ್ನು ಅಲ್ಲೇ ಬರೆದುಕೊಳ್ಳಬೇಕು. 15100 ಸಂಖ್ಯೆಗೆ ಕರೆ ಮಾಡಿದರೂ ದಾರಿ ಸಿಗುತ್ತದೆ. ಬಡವರ ಕೇಸಿಗೆ ನಿಮ್ಮ ಜೇಬಿನಿಂದ ಖರ್ಚು ಮಾಡಿ ಬಳಲುವ ಮೊದಲು ತಾಲೂಕು ಸಮಿತಿಗೆ ಅರ್ಜಿ ಹಾಕಿಸಿ. ಅದು ಅವರ ಹಕ್ಕು.

ಲೋಕ ಅದಾಲತ್ ಒಳ್ಳೆಯದು. ರಾಜಿಯಾದರೆ ಅದು ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ, ಕೋರ್ಟು ಶುಲ್ಕ ವಾಪಸು ಬರುತ್ತದೆ. ಆದರೆ ಮೇಲ್ಮನವಿ ಇಲ್ಲ ಎಂಬ ಕಾರಣಕ್ಕೇ ಬಡ ಕಕ್ಷಿದಾರರನ್ನು ರಾಜಿಗೆ ದೂಡಬೇಡಿ. ಗಂಡನ ಮನೆಯಿಂದ ಹೊರಬಿದ್ದ ಹೆಣ್ಣುಮಗಳಿಗೆ ರಾಜಿಯ ಮೊತ್ತ ಎಷ್ಟು ವರ್ಷಕ್ಕೆ ಸಾಕಾದೀತು ಎಂದು ಪೆನ್ನು ಹಿಡಿದು ಲೆಕ್ಕ ಹಾಕಿ ತೋರಿಸಿ, ನಿರ್ಧಾರವನ್ನು ಅವಳಿಗೇ ಬಿಡಿ.

ಡಿಕ್ರಿ ಬಂತೆಂದು ಕಡತ ಕಟ್ಟಿಡಬೇಡಿ. ‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆ ನಿಜವಾಗುವುದೇ ಅಮಲ್ಜಾರಿಯಾಗದ ಡಿಕ್ರಿಗಳಿಂದ. 2021ರಲ್ಲಿ ನಮ್ಮ ರಾಜ್ಯದಿಂದಲೇ ಹೋದ ರಾಹುಲ್ ಎಸ್. ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಮಲ್ಜಾರಿ ಅರ್ಜಿಯನ್ನು ಸಲ್ಲಿಸಿದ ಆರು ತಿಂಗಳೊಳಗೆ ಮುಗಿಸಬೇಕು ಎಂದಿದೆ. ಆ ತೀರ್ಪಿನ ಪ್ರತಿ ನಿಮ್ಮ ಮೇಜಿನ ಮೇಲಿರಲಿ.

ಇನ್ನು ಚಿಕ್ಕದಾಗಿ ಕಾಣುವ ಒಂದು ಸಂಗತಿ. ಕೊಲ್ಲೂರಿನಿಂದ ಕುಂದಾಪುರಕ್ಕೆ ಸುಮಾರು 40 ಕಿ.ಮೀ. ಒಂದು ವಾಯಿದೆಗೆ ಬಂದುಹೋದರೆ ಕೂಲಿಯವರಿಗೆ ಒಂದು ದಿನದ ಸಂಬಳ ಹೋಯಿತು. ಸಿವಿಲ್ ದಾವೆಯಲ್ಲಿ ಪ್ರತಿ ದಿನಾಂಕಕ್ಕೂ ಕಕ್ಷಿದಾರರು ಬರಬೇಕಾಗಿಲ್ಲ. ಕ್ರಿಮಿನಲ್ ಕೇಸಿನಲ್ಲೂ ತಕ್ಕ ಕಾರಣವಿದ್ದರೆ ಹಾಜರಾತಿಯಿಂದ ವಿನಾಯಿತಿ ಕೇಳಬಹುದು. ಹಿಂದಿನ ಸಂಜೆ ಫೋನು ಮಾಡಿ “ನಾಳೆ ನೀವು ಬರುವುದು ಬೇಡ, ನಾನು ನೋಡಿಕೊಳ್ಳುತ್ತೇನೆ” ಎಂದು ಹೇಳಿ. ಹೈಕೋರ್ಟಿನ ಕೆಲಸವಾದರೆ ದೂರ ಇನ್ನೂ ಹೆಚ್ಚು. ಪಕ್ಕದ ಭಟ್ಕಳದವರಿಗೆ ಧಾರವಾಡ ಪೀಠವಿದೆ; ಶಿರೂರಿನಿಂದ ಈಚೆಗಿನ ನಾವು 400 ಕಿ.ಮೀ.ಗೂ ಹೆಚ್ಚು ದೂರದ ಬೆಂಗಳೂರಿಗೆ ಹೋಗಬೇಕು. ಅಲ್ಲಿನ ಹೈಕೋರ್ಟು ಕಾನೂನು ಸೇವೆಗಳ ಸಮಿತಿಗೆ ಕಡತವನ್ನು ಅಚ್ಚುಕಟ್ಟಾಗಿ ಜೋಡಿಸಿ ಕಳಿಸಿದರೆ ಬಡವರ ರಾತ್ರಿ ಬಸ್ಸಿನ ಓಡಾಟ ಎಷ್ಟೋ ತಪ್ಪುತ್ತದೆ.

ವ್ಯಾಜ್ಯ ಹುಟ್ಟುವ ಮೊದಲೇ ಕೊಡುವ ಸಲಹೆಯೂ ಸೇವೆಯೇ. ಮಕ್ಕಳು ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಲ್ಲಿದ್ದು ವಯಸ್ಸಾದವರೇ ಉಳಿದ ಮನೆಗಳು ನಮ್ಮಲ್ಲಿ ಬಹಳ. ಅಜ್ಜಿ ಜಾಗವನ್ನು ಮಗನ ಹೆಸರಿಗೆ ದಾನಪತ್ರ ಮಾಡಲು ಬಂದರೆ, ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಅಂಥ ದಾನವನ್ನು ರದ್ದುಪಡಿಸಲು ಷರತ್ತು ಇತ್ತೆಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಈಚಿನ ತೀರ್ಪು ಆ ಕಲಮನ್ನು ಉದಾರವಾಗಿ ಓದಿದ್ದರೂ, ಒಂದು ಸಾಲು ಬರೆದಿಟ್ಟರೆ ಮುಪ್ಪಿನಲ್ಲಿ ಕೋರ್ಟಿಗೆ ಅಲೆಯುವುದು ತಪ್ಪುತ್ತದೆ.

ಸಾರ್ವಜನಿಕ ಹಿತದ ಕೇಸಿಗೂ ಇದೇ ಮಾತು. ಕೊಲ್ಲೂರಿನ ಸೌಪರ್ಣಿಕಾ ಹೊಳೆಗೆ ಕೊಳಚೆ ಸೇರುವ ವಿಷಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮುಂದೆ ಹೋದದ್ದು ನಿಮಗೆ ಗೊತ್ತಿದೆ. ಅಂಥ ಕಡೆ ಭಾವಾವೇಶದ ಅರ್ಜಿ ನಿಲ್ಲುವುದಿಲ್ಲ. ಯಾವ ಜಾಗದಲ್ಲಿ, ಯಾವ ದಿನ, ಯಾರು ನೀರಿನ ಮಾದರಿ ತೆಗೆದರು, ಪರೀಕ್ಷೆಯ ಫಲಿತಾಂಶ ಏನು, ಕಾಮಗಾರಿಯ ಕಡತ ಏನು ಹೇಳುತ್ತದೆ ಎಂಬ ವಿವರವೇ ನಿಲ್ಲುವುದು. ಮೂಕಾಂಬಿಕಾ ದೇವಿಯ ಮೇಲಿನ ಭಕ್ತಿ, ಹೊಳೆಯ ಮೇಲಿನ ಪ್ರೀತಿ ನಿಮ್ಮನ್ನು ಕೆಲಸಕ್ಕೆ ಹಚ್ಚಲಿ. ಕೆಲಸವನ್ನು ದಾಖಲೆ ಮಾಡಲಿ.

ಆದ್ದರಿಂದ ಮಕ್ಕಳೇ, ಹೀಗೆ ಮಾಡಿ. ಓದುತ್ತಿರುವಾಗಲೇ ಅರೆ ಕಾನೂನು ಸ್ವಯಂಸೇವಕರಾಗಿ ಸೇರಿ ಹಳ್ಳಿ ಹಳ್ಳಿಯ ಅರ್ಜಿ ಬರೆಯಿರಿ. ಸನ್ನದು ಸಿಕ್ಕ ಮೇಲೆ ಮೂರು ವರ್ಷ ಒಬ್ಬ ಒಳ್ಳೆಯ ಸೀನಿಯರ್ ಹತ್ತಿರ ಬಗ್ಗಿ ಕಲಿಯಿರಿ. ನಾಲ್ಕನೆಯ ವರ್ಷ ಪ್ಯಾನೆಲ್‌ಗೆ ಹೆಸರು ಕೊಡಿ. ಹತ್ತು ಕಡತದಲ್ಲಿ ಒಂದು ಫೀಸಿಲ್ಲದ್ದಿರಲಿ, ಎರಡು ಸಾಧ್ಯವಾದರೆ ಇನ್ನೂ ಸಂತೋಷ, ಆದರೆ ಓದಲು ಸಮಯವಿಲ್ಲದಷ್ಟು ಹಿಡಿಯಬೇಡಿ. ನ್ಯಾಯಾಧೀಶರು ಕೇಸು ಕೂಗಿದಾಗ ಇದು ಫೀಸಿನ ಕಡತವೋ ನೆರವಿನ ಕಡತವೋ ಎಂದು ನಿಮ್ಮ ವಾದ ಕೇಳಿದವರಿಗೆ ತಿಳಿಯಬಾರದು. ಜಡ್ಕಲ್‌ನ ಯಾರೋ ಒಬ್ಬರು ಕಷ್ಟದಲ್ಲಿರುವ ನೆರೆಯವರಿಗೆ ನಿಮ್ಮ ಹೆಸರು ಹೇಳುವಾಗ, ‘ಅವರು ದುಡ್ಡು ತಗೊಳ್ಳುವುದಿಲ್ಲ’ ಎನ್ನುವ ಮೊದಲು ‘ಅವರು ಕೇಸು ಪೂರ್ತಿ ಓದಿಕೊಂಡೇ ಬರುತ್ತಾರೆ’ ಎನ್ನಲಿ. ಆ ಮಾತಿಗೆ ಯೋಗ್ಯರಾಗಿ. ಈ ಸೀಮೆಗೆ ನಿಮ್ಮಂಥ ವಕೀಲರು ಬೇಕು.